ಕರೆಯೋಲೆ ಬಂದವರಿಗೆ ಊರು ಸಲ್ಲಿಸಬೇಕಾದ ಮಾನ



ಕುಂದಾಪುರ ತಾಲ್ಲೂಕಿನ ಬೀಜಾಡಿಯಲ್ಲಿ ನೆಲೆಸಿರುವ ಓದುಗ ಕುಟುಂಬವೊಂದು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದೆ. ವರ್ಷಕ್ಕೊಮ್ಮೆ ರಾಜ್ಯಪಾಲರು ಮಾಡುವ ಭಾಷಣವನ್ನು ಕೇಳಲು ಸಮಾಜದವರೊಬ್ಬರಿಗೆ ಅತಿಥಿಯಾಗಿ ಆಹ್ವಾನ ಬಂದರೆ, ಅವರನ್ನು ಊರಿನಲ್ಲಿ ಸನ್ಮಾನಿಸುವುದು ಯುಕ್ತವೇ ಎಂಬುದು ಆ ಪ್ರಶ್ನೆ. ಹೋಗಿ ಕುರ್ಚಿಯಲ್ಲಿ ಕುಳಿತು ಬಂದುದಕ್ಕೆ ಹಾರವೇಕೆ ಎಂದು ಮನೆಯ ಕಿರಿಯರು ಕೇಳುತ್ತಾರಂತೆ. ರಾಜಧಾನಿಯಿಂದ ಕರೆ ಬರುವುದೇನು ಸಣ್ಣ ಸಂಗತಿಯೇ ಎಂದು ಹಿರಿಯರು ಉತ್ತರಿಸುತ್ತಾರಂತೆ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದುದರಿಂದಲೇ ಈ ಪ್ರಶ್ನೆಯನ್ನು ಒಂದು ಮನೆಯ ಚರ್ಚೆಯೆಂದು ಬದಿಗಿಡದೆ ಎಲ್ಲ ಓದುಗರ ಮುಂದಿಟ್ಟು ವಿಚಾರಿಸುವುದು ಲೇಸೆಂದು ತೋರಿತು.

ಮೊದಲು ಈ ಭಾಷಣವೆಂದರೇನು ಎಂಬುದನ್ನು ತಿಳಿಯೋಣ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 176ನೆಯ ಅನುಚ್ಛೇದವು ರಾಜ್ಯಪಾಲರಿಗೆ ಒಂದು ಕರ್ತವ್ಯವನ್ನು ವಿಧಿಸಿದೆ. ವಿಧಾನಸಭೆಗೆ ಸಾರ್ವತ್ರಿಕ ಚುನಾವಣೆ ನಡೆದ ಬಳಿಕ ಸೇರುವ ಮೊದಲ ಅಧಿವೇಶನದಲ್ಲಿಯೂ, ಪ್ರತಿವರ್ಷದ ಮೊದಲ ಅಧಿವೇಶನದಲ್ಲಿಯೂ ಅವರು ಶಾಸಕಾಂಗವನ್ನು ಉದ್ದೇಶಿಸಿ ಮಾತನಾಡಿ, ಅಧಿವೇಶನವನ್ನು ಕರೆದ ಕಾರಣಗಳನ್ನು ತಿಳಿಸಬೇಕು. ಪ್ರತಿಯೊಂದು ಅಧಿವೇಶನದ ಆರಂಭದಲ್ಲಿಯೂ ಭಾಷಣವಿರಬೇಕೆಂದು ಮೊದಲು ಬರೆದಿದ್ದುದನ್ನು 1951ರ ಮೊದಲನೆಯ ತಿದ್ದುಪಡಿಯು ವರ್ಷದ ಮೊದಲ ಅಧಿವೇಶನಕ್ಕೆ ಸೀಮಿತಗೊಳಿಸಿತು. ನಮ್ಮ ರಾಜ್ಯದಲ್ಲಿ ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸ್ಥಾನಗಳ ಸದಸ್ಯರು ಅಂದು ಒಂದೇ ಸಭಾಂಗಣದಲ್ಲಿ ಒಟ್ಟಾಗಿ ಕುಳಿತುಕೊಳ್ಳುತ್ತಾರೆ. ಭಾಷಣವನ್ನು ಓದುವವರು ರಾಜ್ಯಪಾಲರಾದರೂ ಅದನ್ನು ಸಿದ್ಧಪಡಿಸುವುದು ಮಂತ್ರಿಮಂಡಲ. ಕಳೆದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದರ ಲೆಕ್ಕ ಅದರಲ್ಲಿರುತ್ತದೆ.

ಅದೇ ಅನುಚ್ಛೇದದ ಎರಡನೆಯ ಭಾಗವನ್ನು ಬಹುಜನರು ಗಮನಿಸುವುದಿಲ್ಲ. ಭಾಷಣದಲ್ಲಿ ಹೇಳಿದ ವಿಷಯಗಳನ್ನು ಚರ್ಚಿಸಲು ಸದನವು ಸಮಯವನ್ನು ಗೊತ್ತುಮಾಡಬೇಕೆಂದು ಅಲ್ಲಿ ಹೇಳಿದೆ. ವಂದನಾ ನಿರ್ಣಯದ ಮೇಲೆ ದಿನಗಟ್ಟಲೆ ನಡೆಯುವ ಚರ್ಚೆಯ ಮೂಲ ಇದೇ. ಕೇಳುವುದು ಅರ್ಧ ಕಾರ್ಯ, ಕೇಳಿದುದನ್ನು ವಿಮರ್ಶಿಸಿ ಮಾತನಾಡುವುದು ಉಳಿದರ್ಧ ಎಂಬುದು ಇದರ ತಾತ್ಪರ್ಯ. ಆದರೆ ಅತಿಥಿಯಾಗಿ ಗ್ಯಾಲರಿಯಲ್ಲಿ ಕುಳಿತವರಿಗೆ ಈ ಉಳಿದರ್ಧವು ದೊರೆಯುವುದಿಲ್ಲ. ಅಲ್ಲಿ ಅವರು ಮಾತನಾಡುವಂತಿಲ್ಲ, ಘೋಷಣೆ ಕೂಗುವಂತಿಲ್ಲ, ಮೆಚ್ಚಿದರೂ ಚಪ್ಪಾಳೆ ತಟ್ಟುವಂತಿಲ್ಲ. ಸದನದ ಶಿಸ್ತಿಗೆ ಅದು ಅಗತ್ಯವೇ ಸರಿ. ಹಾಗಾದರೆ ಆ ಅತಿಥಿಯ ಮಾತು ಎಲ್ಲಿ ನಡೆಯಬೇಕು? ಬೀಜಾಡಿಯ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಹುಡುಕಬೇಕಾಗಿದೆ.

ಆಳುವವರ ವಾರ್ಷಿಕ ಭಾಷಣವನ್ನು ಕೇಳಲು ಪ್ರಜೆಗಳನ್ನು ಕರೆಯುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದಲ್ಲ. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷದ ಆಗಸ್ಟ್ 25ರ ಆಜ್ಞೆಯ ಮೂಲಕ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ತಿಳಿವಳಿಕೆಯುಳ್ಳ ರೈತರನ್ನೂ, ಜಿಲ್ಲೆಗಳಿಂದ ಮೂರು ನಾಲ್ಕು ಪ್ರಮುಖ ವರ್ತಕರನ್ನೂ ದಸರೆಯ ಸಮಯಕ್ಕೆ ಮೈಸೂರಿಗೆ ಕರೆಸುವುದು ಆ ಯೋಜನೆ. 1881ರ ಅಕ್ಟೋಬರ್ 7ರಂದು 144 ಮಂದಿ ಸೇರಿದ ಮೊದಲ ಸಭೆಯಲ್ಲಿ ದಿವಾನರು ಆಡಳಿತದ ವರದಿಯನ್ನು ಮಂಡಿಸಿದರು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೆ ಬಂದವರು ಸುಮ್ಮನೆ ಕೇಳಿ ಹಿಂದಿರುಗಲಿಲ್ಲ. ತಮ್ಮ ಸೀಮೆಯ ಕೊರತೆಗಳನ್ನು ದಿವಾನರ ಮುಂದೆ ಅರಿಕೆ ಮಾಡಿಕೊಳ್ಳಲು ಅವರಿಗೆ ಅವಕಾಶವಿತ್ತು. ಕೇಳಿಸುವುದಕ್ಕೆ ಕರೆದವರು ಕೇಳಿಸಿಕೊಳ್ಳುವುದಕ್ಕೂ ಸಿದ್ಧರಾಗಿದ್ದರು.

ಈ ವ್ಯವಸ್ಥೆಗೆ ಮಿತಿಯೂ ಇತ್ತು. ಕರೆಯೋಲೆ ಹೋದದ್ದು ಭೂಮಿಯುಳ್ಳವರಿಗೆ ಮತ್ತು ವ್ಯಾಪಾರದಲ್ಲಿ ಮುಂದುವರಿದವರಿಗೆ. ಕೂಲಿಯವನಿಗೆ, ನೇಕಾರನಿಗೆ, ಹೆಣ್ಣುಮಕ್ಕಳಿಗೆ ಅಂದು ಆ ಬಾಗಿಲು ತೆರೆದಿರಲಿಲ್ಲ. ಕರಾವಳಿಗಂತೂ ಆ ಸಭೆಯ ಸಂಬಂಧವೇ ಇರಲಿಲ್ಲ. ಬೀಜಾಡಿಯನ್ನೊಳಗೊಂಡ ಕುಂದಾಪುರ ಸೀಮೆಯು ಅಂದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆಯೇ ಆ ಜಿಲ್ಲೆಯವರಿಗೆ ಬೆಂಗಳೂರು ರಾಜಧಾನಿಯಾಯಿತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರ ಕನಸಿನ ವಿಧಾನಸೌಧವು ಪೂರ್ಣಗೊಂಡದ್ದೂ 1956ರಲ್ಲಿಯೇ. ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆದಿರುವ ಆ ಸೌಧದ ಮೇಲೆ ಅಂದಿನಿಂದ ಮೈಸೂರಿನ ರೈತನಿಗೆ ಎಷ್ಟು ಹಕ್ಕೋ ಬೀಜಾಡಿಯ ಬೆಸ್ತನಿಗೂ ಅಷ್ಟೇ ಹಕ್ಕು.

ಸಾಮಾನ್ಯರನ್ನು ಅವರ ಕೆಲಸಕ್ಕಾಗಿ ರಾಷ್ಟ್ರದ ದೊಡ್ಡ ಸಭೆಗೆ ಕರೆದು ಕೂರಿಸುವ ಪದ್ಧತಿಗೆ ಅಮೆರಿಕದ ಒಂದು ನಿದರ್ಶನ ಪ್ರಸಿದ್ಧವಾಗಿದೆ. 1982ರ ಜನವರಿ 13ರಂದು ವಾಷಿಂಗ್ಟನ್ ನಗರದಲ್ಲಿ ವಿಮಾನವೊಂದು ಹಿಮಗಟ್ಟಿದ ಪೊಟೋಮ್ಯಾಕ್ ನದಿಗೆ ಬಿದ್ದಿತು. ದಡದಲ್ಲಿ ನಿಂತಿದ್ದ ಲೆನ್ನಿ ಸ್ಕಟ್ನಿಕ್ ಎಂಬ ಸಾಮಾನ್ಯ ಸರ್ಕಾರಿ ನೌಕರನು ನೀರಿಗೆ ಧುಮುಕಿ, ಮುಳುಗುತ್ತಿದ್ದ ಮಹಿಳೆಯನ್ನು ದಡಕ್ಕೆ ತಂದನು. ಎರಡು ವಾರ ಕಳೆಯುವುದರೊಳಗೆ, ಜನವರಿ 26ರಂದು, ಅಧ್ಯಕ್ಷ ರೇಗನ್ ಅವರು ಮಾಡಿದ ವಾರ್ಷಿಕ ಭಾಷಣಕ್ಕೆ ಆತನು ಅತಿಥಿಯಾಗಿ ಬಂದು ಅಧ್ಯಕ್ಷರ ಪತ್ನಿಯ ಬಳಿ ಕುಳಿತಿದ್ದನು. ಅಂದಿನಿಂದ ಅಲ್ಲಿನ ಅಧ್ಯಕ್ಷರೂ, ರಾಜ್ಯಗಳ ಗವರ್ನರುಗಳೂ ತಮ್ಮ ವಾರ್ಷಿಕ ಭಾಷಣದಲ್ಲಿ ಇಂತಹ ಅತಿಥಿಗಳ ಹೆಸರು ಹೇಳಿ ಗೌರವಿಸುವುದು ವಾಡಿಕೆಯಾಗಿದೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಹತ್ತಿರದ ಕ್ರಮ ಬೆಳೆದಿದೆ. 2023ರ ಸ್ವಾತಂತ್ರ್ಯ ದಿನದಂದು ದೆಹಲಿಯ ಕೆಂಪುಕೋಟೆಯಲ್ಲಿ ಪ್ರಧಾನಮಂತ್ರಿಗಳ ಭಾಷಣವನ್ನು ಕೇಳಲು ದೇಶದ ನಾನಾ ಭಾಗಗಳಿಂದ ಸುಮಾರು 1,800 ಮಂದಿಯನ್ನು ವಿಶೇಷ ಅತಿಥಿಗಳಾಗಿ ಕರೆಯಲಾಗಿತ್ತು. ಗಡಿನಾಡಿನ ಹಳ್ಳಿಗಳ ಸರಪಂಚರು 400ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಹೊಸ ಸಂಸತ್ ಭವನವನ್ನು ಕಟ್ಟಿದ ಕೂಲಿಕಾರರು, ಖಾದಿ ಕೆಲಸಗಾರರು, ಪ್ರಾಥಮಿಕ ಶಾಲೆಯ ಶಿಕ್ಷಕರು, ದಾದಿಯರು, ಮೀನುಗಾರರು, ಹೀಗೆ ಒಂದೊಂದು ಬಗೆಯ ದುಡಿಮೆಯವರಿಗೂ 50ರಂತೆ ಆಹ್ವಾನವಿತ್ತು. ಅಧಿಕಾರವಿಲ್ಲದ, ಪದವಿಯಿಲ್ಲದ, ಕೇವಲ ದುಡಿಮೆಯ ಬಲದಿಂದ ಬಂದ ಇಂಥ ಕರೆಯೋಲೆಯ ವಿಷಯದಲ್ಲಿ ಊರು ಹೇಗೆ ನಡೆದುಕೊಳ್ಳಬೇಕು ಎಂಬುದೇ ನಮ್ಮ ಮುಂದಿರುವ ವಿಚಾರ.

ಅತಿಥಿಯೆಂದರೆ ತಿಥಿಯನ್ನು ನೋಡದೆ ಬರುವವನು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಸರ್ಕಾರದ ಅತಿಥಿಗಾದರೋ ತಿಥಿ, ಗಂಟೆ, ಬಾಗಿಲು, ಆಸನದ ಸಾಲು ಎಲ್ಲವೂ ಪತ್ರದಲ್ಲಿಯೇ ಅಚ್ಚಾಗಿರುತ್ತವೆ. ಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಮ್ಮಂಥವರಿಗೆ ಮೊದಲು ಕಲಿಸಿದ ಪಾಠ ಬೇರೆ. ಬಂದವರಿಗೆ ಕಾಲಿಗೆ ನೀರು, ಕೂರಲು ಎಡೆ, ಪಂಕ್ತಿಯಲ್ಲಿ ಪ್ರಸಾದ. ಅನಂತರ ಅವರ ಕ್ಷೇಮಸಮಾಚಾರವನ್ನು ಕೇಳಿ ಅವರ ಮಾತಿಗೆ ಕಿವಿಗೊಡುವುದು. ಅನ್ನ ನೀಡಿ ಮಾತು ಕೇಳದಿದ್ದರೆ ಅದು ಅರೆ ಸತ್ಕಾರ. ಇನ್ನು ಸನ್ಮಾನವೆಂಬ ಪದವನ್ನೂ ಬಿಡಿಸಿ ನೋಡಬಹುದು. ಮಾನವೆಂದರೆ ಮರ್ಯಾದೆ, ಮಾನವೆಂದರೆ ಕಾಳನ್ನು ಅಳೆಯುವ ಅಳತೆಯೂ ಹೌದು. ಒಬ್ಬರ ಯೋಗ್ಯತೆಯನ್ನು ಸರಿಯಾದ ಅಳತೆಯಿಂದ ಅಳೆದು ತಿಳಿದರೆ ಅದು ಸನ್ಮಾನ. ಏನು ಮಾಡಿದರೆಂಬುದನ್ನು ತಿಳಿಯದೆ ಶಾಲು ಹೊದಿಸಿದರೆ ಅದು ಬಟ್ಟೆಯ ವ್ಯಯ ಮಾತ್ರ.

ಹೀಗೆ ಅಳೆಯಬೇಕಾದುದು ಆಸನವನ್ನಲ್ಲ, ಆಸನದವರೆಗೆ ಒಯ್ದ ಕಾಯಕವನ್ನು. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರನ್ನು ನೆನೆಯಿರಿ. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವು ಅವರಲ್ಲಿ ತಮ್ಮೂರಿನ ಮಕ್ಕಳಿಗೊಂದು ಶಾಲೆಯಾಗಬೇಕೆಂಬ ಸಂಕಲ್ಪವಾಯಿತು; ಹಣ್ಣು ಮಾರಿ ಉಳಿಸಿದ ಹಣ ಶಾಲೆಯಾಯಿತು. 2020ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರೆಂದು ಪತ್ರಿಕೆಗಳು ಬರೆದವು. 2021ರ ನವೆಂಬರ್ 8ರಂದು ಅವರು ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸಿದರು. ಅದೇ ದಿನ ಅದೇ ಭವನದಲ್ಲಿ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ ಬರಿಗಾಲಿನಲ್ಲಿ ನಡೆದುಬಂದರು. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಜೀವಮಾನವಿಡೀ ಗಿಡ ಬೆಳೆಸಿದ ಆ ತಾಯಿ 2024ರ ಡಿಸೆಂಬರ್ 16ರಂದು ನಮ್ಮನ್ನಗಲಿದರು. ಭವನದ ರತ್ನಗಂಬಳಿಯಿಂದ ಆ ಪಾದಗಳಿಗೆ ಮಾನ ಬರಲಿಲ್ಲ. ಆ ಪಾದಗಳು ನಡೆದುದರಿಂದ ಕಂಬಳಿಗೆ ಮಾನ ಬಂದಿತು.

ಮಾನವನ್ನು ಬೇಡವೆಂದವರೂ ನಮ್ಮಲ್ಲಿದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದರು. ಜೇಬಿಲ್ಲದ ಅಂಗಿ ತೊಟ್ಟು ಬಾಳಿದ ಅವರು 2023ರ ಜನವರಿ 2ರಂದು ಲಿಂಗೈಕ್ಯರಾಗುವ ಮುನ್ನವೇ ತಮಗೆ ಸ್ಮಾರಕವೂ ಬೇಡವೆಂದು ಬರೆದಿಟ್ಟಿದ್ದರು. ಬೀಜಾಡಿಗೆ ದಕ್ಷಿಣದಲ್ಲಿ ಸಮೀಪದಲ್ಲೇ ಇರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಒಬ್ಬರು ಸಂನ್ಯಾಸಧರ್ಮಕ್ಕಾಗಿ, ಇನ್ನೊಬ್ಬರು ಪೌರಧರ್ಮಕ್ಕಾಗಿ ಹಾಗೆ ಮಾಡಿದರು. ಹಾಗೆಂದು ಕರೆ ಬಂದಾಗ ಹೋಗುವವರೆಲ್ಲ ಮಾನಕ್ಕೆ ಆಸೆಪಟ್ಟವರೆಂದು ಭಾವಿಸಲಾಗದು. ಸ್ವಾಮಿಗಳಿಗೆ ಮಾತನಾಡಲು ಲಕ್ಷಾಂತರ ಕಿವಿಗಳಿದ್ದವು, ಕಾರಂತರಿಗೆ ಲೇಖನಿಯಿತ್ತು. ಬುಟ್ಟಿ ಹೊತ್ತು ಮೀನು ಮಾರುವ ತಾಯಿಗೆ, ಅಂಗನವಾಡಿಯ ಸಹೋದರಿಗೆ, ಗದ್ದೆಯ ರೈತನಿಗೆ ನಾಲ್ಕು ಜನರ ಮುಂದೆ ಮಾತನಾಡುವ ಸಂದರ್ಭ ಜೀವನದಲ್ಲಿ ಎಷ್ಟು ಸಲ ಬಂದೀತು? ಅಂಥವರಿಗೆ ಬಂದ ಕರೆಯನ್ನು ಹಗುರವಾಗಿ ಕಾಣುವುದು ಸಲ್ಲದು.

ಈಗ ನಮ್ಮ ಊರುಗಳಲ್ಲಿ ನಡೆಯುವ ಸನ್ಮಾನಗಳನ್ನು ನೋಡೋಣ. ವೇದಿಕೆಯ ಮೇಲೆ ಹತ್ತು ಹದಿನೈದು ಕುರ್ಚಿಗಳು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ. ಇವುಗಳ ನಡುವೆ ಐದು ನಿಮಿಷ ಸನ್ಮಾನಿತರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಭಾವಚಿತ್ರ. ವೇಳೆಯ ಅಭಾವದಿಂದ ಅವರ ಎರಡು ಮಾತುಗಳನ್ನು ಕೈಬಿಡಲಾಗುತ್ತದೆ. ವಿಧಾನಸೌಧದ ಗ್ಯಾಲರಿಯಲ್ಲಿ ನಿಯಮಕ್ಕೆ ಬದ್ಧರಾಗಿ ಮೌನದಿಂದ ಕುಳಿತು ಬಂದವರನ್ನು ಊರಿನ ವೇದಿಕೆಯ ಮೇಲೂ ಮೌನವಾಗಿ ಕೂರಿಸಿದರೆ, ಅವರಿಗೆ ಎರಡು ಸಲ ಬಾಯಿ ಮುಚ್ಚಿಸಿದಂತಾಯಿತು. ಕಿರಿಯರ ಆಕ್ಷೇಪಣೆ ಇಂಥ ಸನ್ಮಾನದ ಮೇಲಾದರೆ ಅದು ನ್ಯಾಯವೇ. ಅಲ್ಲಿ ನಿಯಮವು ಅನುಮತಿಸದ ಮಾತನ್ನು ಇಲ್ಲಿ ಆಡಿಸುವುದೇ ನಿಜವಾದ ಗೌರವ.

ಇನ್ನೊಂದು ಸೂಕ್ಷ್ಮ ವಿಷಯವನ್ನು ನಿರ್ದಾಕ್ಷಿಣ್ಯವಾಗಿ ಹೇಳಬೇಕು. ಬೀಜಾಡಿಯಂಥ ಕಡಲತಡಿಯ ಊರುಗಳಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಕೋಟೇಶ್ವರ, ಕುಂಭಾಶಿಗಳ ನಡುವಣ ಆ ಊರಿನಲ್ಲಿ ಕಡಲನ್ನು ನಂಬಿದವರು, ಗದ್ದೆಯನ್ನು ನಂಬಿದವರು, ಪೇಟೆಯ ಉದ್ಯೋಗ ನಂಬಿದವರು ಕೂಡಿ ಬಾಳುತ್ತಾರೆ. ಅಲ್ಲಿ ಸಮಾಜದವರೊಬ್ಬರಿಗೆ ಕರೆ ಬಂದರೆ ಸನ್ಮಾನಿಸೋಣ, ಪಕ್ಕದ ಮನೆಯ ಮೀನುಗಾರನಿಗೆ ಬಂದರೆ ಅದು ಅವರ ಸಮಾಜದ ಕೆಲಸವೆನ್ನೋಣ ಎಂಬ ಧೋರಣೆ ಶರಣಧರ್ಮಕ್ಕೆ ಒಪ್ಪುವುದಿಲ್ಲ. ಅನುಭವ ಮಂಟಪದ ಪರಂಪರೆಯನ್ನು ಸ್ಮರಿಸಿಕೊಳ್ಳಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ದೋಣಿ, ಬಟ್ಟೆ, ಹಗ್ಗ, ಅಕ್ಕಿಗಳು ನಾಮದ ಮುಂದೆಯೇ ನಿಂತಿವೆ. ಕಾಯಕದಿಂದಲೇ ಅವರ ಗುರುತು. ಮಾತಿಗೆ ಅಲ್ಲಿ ಸಮಾನ ಎಡೆ. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅನುಭವ ಮಂಟಪದ ಬೃಹತ್ ತೈಲವರ್ಣ ಚಿತ್ರವನ್ನು ಅನಾವರಣಗೊಳಿಸಿದಾಗ ನಾವೆಲ್ಲ ಹರ್ಷಪಟ್ಟೆವು. ಆ ಹರ್ಷ ಸಾರ್ಥಕವಾಗಬೇಕಾದರೆ ಚಿತ್ರದಲ್ಲಿ ಕುಳಿತ ಅಂಬಿಗನಿಗೆ ಸಲ್ಲಿಸಿದ ನಮಸ್ಕಾರವು ನೆರೆಮನೆಯ ಅಂಬಿಗನಿಗೂ ಸಲ್ಲಬೇಕು.

ಇಷ್ಟು ವಿಚಾರದ ಬಳಿಕ, ಕಾರ್ಯರೂಪಕ್ಕೆ ತರಬಹುದಾದ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಗೌರವವು ಹೊರಡುವ ಮುನ್ನವೇ ಆರಂಭವಾಗಲಿ. ಬೀಜಾಡಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ರಾಜ್ಯಪಾಲರ ಭಾಷಣವು 2024ರಲ್ಲಿ ಫೆಬ್ರವರಿಯಲ್ಲಿಯೂ 2025ರಲ್ಲಿ ಮಾರ್ಚ್ ತಿಂಗಳಿನಲ್ಲಿಯೂ ನಡೆಯಿತು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಯ ನಿಷೇಧವಿರುತ್ತದೆ. ಫೆಬ್ರವರಿ, ಮಾರ್ಚ್ ದುಡಿಮೆಯ ಕಾಲ. ದಿನದ ದುಡಿಮೆಯನ್ನೇ ನಂಬಿದವರಿಗೆ ಈ ಪ್ರಯಾಣವೆಂದರೆ ಎರಡು ಮೂರು ದಿನಗಳ ಗಳಿಕೆಯ ನಷ್ಟ. ಶಾಲು ಹಣ್ಣುಗಳಿಗೆ ತೆಗೆದಿರಿಸುವ ಹಣವನ್ನು ಪ್ರಯಾಣದ ವೆಚ್ಚಕ್ಕೂ ಮನೆಯ ನಿರ್ವಹಣೆಗೂ ಸದ್ದಿಲ್ಲದೆ ಮುಟ್ಟಿಸಿದರೆ ಅದು ನಿಜವಾದ ದಾಸೋಹ. ಕೊಟ್ಟವರ ಹೆಸರನ್ನು ವೇದಿಕೆಯಲ್ಲಿ ಓದುವ ಅಗತ್ಯವಿಲ್ಲ.

ಎರಡನೆಯದಾಗಿ, ಊರಿನ ಅಹವಾಲನ್ನು ಹೋಗುವವರ ಕೈಗೆ ಬರೆದುಕೊಡಿ. ಕಡಲ್ಕೊರೆತವೋ, ಕುಡಿಯುವ ನೀರಿಗೆ ಉಪ್ಪು ಸೇರುವುದೋ, ಶಾಲೆಗೆ ಶಿಕ್ಷಕರಿಲ್ಲದಿರುವುದೋ, ಯಾವುದು ಊರಿನ ನಿಜವಾದ ಕೊರತೆಯೋ ಅದನ್ನು ಒಂದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಸದನದೊಳಗೆ ಅವರು ಮಾತನಾಡುವಂತಿಲ್ಲ. ಆದರೆ ಸದನದ ಹೊರಗೆ ತಮ್ಮ ಕ್ಷೇತ್ರದ ಶಾಸಕರ ಕೈಗೆ ಅದನ್ನು ಕೊಡಬಹುದು. ವಂದನಾ ನಿರ್ಣಯದ ಚರ್ಚೆ ಇನ್ನೂ ಮುಂದಿರುವುದರಿಂದ ಆ ಕಾಗದಕ್ಕೆ ಅಂದು ಬೆಲೆಯಿದೆ.

ಮೂರನೆಯದಾಗಿ, ಹಿಂದಿರುಗಿದ ಮೇಲೆ ನಡೆಸುವ ಸಭೆಯಲ್ಲಿ ಮೊದಲ ಮಾತು ಅವರದಾಗಲಿ. ಏನು ಕಂಡಿರಿ, ಏನು ಕೇಳಿದಿರಿ, ನಮ್ಮ ಊರಿಗೆ ಸಂಬಂಧಿಸಿದ್ದು ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೆರೆದವರು ಪ್ರಶ್ನಿಸಲಿ. ಅವರು ಕುಂದಗನ್ನಡದಲ್ಲಿಯೇ ಹೇಳಲಿ. ಗ್ರಂಥಭಾಷೆ ಬಾರದೆಂದು ಸಂಕೋಚಪಡುವ ಕಾರಣವಿಲ್ಲ. ಭಾಷಣದ ಮುದ್ರಿತ ಪ್ರತಿಯನ್ನು ತರಿಸಿ ಕರಾವಳಿಗೆ ಸಂಬಂಧಿಸಿದ ಭಾಗವನ್ನು ಶಾಲಾ ಬಾಲಕನೋ ಬಾಲಕಿಯೋ ಗಟ್ಟಿಯಾಗಿ ಓದಲಿ. ಅತಿಥಿಗಳ ಕಾಯಕವನ್ನು ಆಹ್ವಾನಪತ್ರಿಕೆಯಲ್ಲಿ ಅವರ ಹೆಸರಿನೊಡನೆಯೇ ಅಚ್ಚು ಹಾಕಿಸಿ. ಅದು ಬಿರುದಿಗಿಂತ ದೊಡ್ಡದು. ಅವರ ದುಡಿಮೆಯಲ್ಲಿ ಕೈಜೋಡಿಸಿದ ಮನೆಯವರನ್ನೂ ಸಹೋದ್ಯೋಗಿಗಳನ್ನೂ ಹೆಸರಿಸಿ ಎದ್ದು ನಿಲ್ಲಿಸಿ. ಗ್ಯಾಲರಿಯಲ್ಲಿದ್ದದ್ದು ಒಂದೇ ಕುರ್ಚಿಯಾದರೂ ಅದರಲ್ಲಿ ಕುಳಿತದ್ದು ಹಲವರ ಶ್ರಮ.

ನಾಲ್ಕನೆಯದಾಗಿ, ಆ ಸಭೆಯ ಮಾತು ಆ ಸಂಜೆಗೇ ಮುಗಿಯದಿರಲಿ. ನಮ್ಮ ಪಂಚಾಯತ್ ರಾಜ್ ಅಧಿನಿಯಮವು 1993ರಿಂದ ಜಾರಿಯಲ್ಲಿದ್ದು, ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ವಿಧಿಸಿದೆ. ಅಲ್ಲಿ ಗ್ರಾಮದ ಮತದಾರರೆಲ್ಲರೂ ಸದಸ್ಯರು. ಮಾತನಾಡಲು ಯಾರ ಕರೆಯೋಲೆಯೂ ಬೇಡ. ಭಾಷಣದಲ್ಲಿ ಕೊಟ್ಟ ಭರವಸೆಗಳಲ್ಲಿ ಯಾವುದು ಊರಿಗೆ ತಲುಪಿತು, ಯಾವುದು ತಲುಪಲಿಲ್ಲ ಎಂಬುದನ್ನು ಅತಿಥಿಯಾಗಿ ಹೋಗಿ ಬಂದವರೇ ಗ್ರಾಮಸಭೆಯಲ್ಲಿ ಕೇಳುವಂತಾಗಲಿ. 1881ರಲ್ಲಿ 144 ಮಂದಿಗೆ ಮಾತ್ರ ದೊರೆತ ಅವಕಾಶ ಇಂದು ಪ್ರತಿ ಹಳ್ಳಿಯ ಪ್ರತಿ ಮತದಾರನ ಮನೆಬಾಗಿಲಿಗೆ ಬಂದಿದೆ. ಅದನ್ನು ಬಳಸದೆ ರಾಜಧಾನಿಯ ಒಂದು ಆಸನಕ್ಕಾಗಿ ಮಾತ್ರ ಹೆಮ್ಮೆಪಡುವುದು, ಮನೆಯ ಬಾವಿಯನ್ನು ಮುಚ್ಚಿಟ್ಟು ದೂರದ ಹೊಳೆಯನ್ನು ಹೊಗಳಿದಂತೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿ ಪತಿಯನ್ನು ತಿದ್ದಿದರು. ಮಾನಕ್ಕೂ ಅದೇ ನ್ಯಾಯ. ತನ್ನ ಕಾಯಕಕ್ಕೆ ಸಲ್ಲುವಷ್ಟನ್ನು ಸ್ವೀಕರಿಸಿ, ಮಿಕ್ಕುದನ್ನು ಜೊತೆಗೆ ದುಡಿದವರಿಗೆ ಹಂಚುವುದು ಸನ್ಮಾನಿತರ ಧರ್ಮ. ಸಲ್ಲಬೇಕಾದಷ್ಟನ್ನು ಕಡಿಮೆ ಮಾಡದೆ ಕೊಡುವುದು ಊರಿನ ಧರ್ಮ.

ಆದುದರಿಂದ ಬೀಜಾಡಿಯ ಬಂಧುಗಳಿಗೆ ನನ್ನ ಉತ್ತರವಿಷ್ಟು. ಸನ್ಮಾನಿಸಿರಿ, ಅವಶ್ಯವಾಗಿ ಸನ್ಮಾನಿಸಿರಿ. ಕಿರಿಯರ ಮಾತನ್ನು ಮನ್ನಿಸಿ ಆಡಂಬರವನ್ನು ಬಿಡಿ. ಹಿರಿಯರ ಮಾತನ್ನು ಮನ್ನಿಸಿ ಸಂದರ್ಭವನ್ನು ಬಿಡಬೇಡಿ. ನಮ್ಮವರಿಗೆ ಕರೆ ಬಂದಾಗ ನೆರೆಯವರನ್ನು ಕರೆಯಿರಿ, ನೆರೆಯವರಿಗೆ ಕರೆ ಬಂದಾಗ ಕರೆಯದಿದ್ದರೂ ನೀವಾಗಿ ಹೋಗಿರಿ. ಹಾರ ಒಂದೇ ಇರಲಿ, ಭಾಷಣಗಳು ಕಡಿಮೆಯಿರಲಿ. ಬಂದವರನ್ನು ನಡುವೆ ಕೂರಿಸಿ, ಹೇಳಿರಮ್ಮ, ಹೇಳಿರಯ್ಯ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಕಿವಿಗೊಟ್ಟು ಕುಳಿತುಕೊಳ್ಳಿರಿ.